ಇಬ್ಬರು ಕೂಡಿ ಹೊರುವ ನೊಗ

ಉತ್ತರ ಐರ್ಲೆಂಡಿನಲ್ಲಿ, ಬ್ರಿಟನ್ನಿನೊಂದಿಗೇ ಉಳಿಯಬೇಕೆನ್ನುವವರ ಮತ್ತು ಐರ್ಲೆಂಡಿನೊಂದಿಗೆ ಸೇರಬೇಕೆನ್ನುವವರ ನಡುವಿನ ಸಂಘರ್ಷಕ್ಕೆ ತೆರೆ ಎಳೆದ 1998ರ ಗುಡ್ ಫ್ರೈಡೇ ಒಪ್ಪಂದದಿಂದ ಹುಟ್ಟಿದ ಜೋಡಿ ನಾಯಕತ್ವ ನನಗೆ ಇಂದಿಗೂ ಬೆರಗಿನ ವಿಷಯ. ಪ್ರಥಮ ಸಚಿವ, ಉಪ ಪ್ರಥಮ ಸಚಿವ ಎಂಬ ಹೆಸರುಗಳು ಮೇಲುಕೀಳನ್ನು ಸೂಚಿಸುವಂತೆ ಕಂಡರೂ ಇಬ್ಬರ ಅಧಿಕಾರವೂ ಸಮಾನವಾದದ್ದು. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರ ಹುದ್ದೆಯೂ ಹೋಗುತ್ತದೆ. ದಶಕಗಳ ಕಾಲ ಬದ್ಧವಿರೋಧಿಗಳಾಗಿದ್ದ ಬ್ರಿಟನ್ ಪರ ನಾಯಕ ಇಯಾನ್ ಪೇಸ್ಲಿ ಮತ್ತು ಐರ್ಲೆಂಡಿನ ಏಕೀಕರಣಕ್ಕಾಗಿ ಹೋರಾಡಿದ ಸಶಸ್ತ್ರ ಸಂಘಟನೆಯಾದ ಐಆರ್‌ಎಯ ಮಾಜಿ ನಾಯಕ ಮಾರ್ಟಿನ್ ಮೆಕ್‌ಗಿನ್ನೆಸ್ 2007ರಲ್ಲಿ ಅಕ್ಕಪಕ್ಕ ಕುಳಿತು ಆಡಳಿತ ನಡೆಸಿದ್ದು, ಈ ಸಮಾನತೆಯ ಭರವಸೆಯಿಲ್ಲದೆ ಸಾಧ್ಯವಾಗುತ್ತಿರಲಿಲ್ಲವೆಂದೇ ನಾನು ನಂಬಿದ್ದೇನೆ. ಆದರೆ ಒಬ್ಬರು ಹೋದರೆ ಇಬ್ಬರೂ ಹೋಗಬೇಕೆಂಬ ಅದೇ ನಿಯಮದಿಂದಾಗಿ, 2017ರ ಜನವರಿಯಲ್ಲಿ ಮೆಕ್‌ಗಿನ್ನೆಸ್ ರಾಜೀನಾಮೆ ಕೊಟ್ಟ ಮೇಲೆ ಮೂರು ವರ್ಷ ಅಲ್ಲಿ ಪೂರ್ಣ ಸರ್ಕಾರವೇ ಇರಲಿಲ್ಲ. 2022ರಲ್ಲಿ ಮತ್ತೆ ಹಾಗೆಯೇ ಆಯಿತು. ಒಂದು ಪಕ್ಷದ ಮುನಿಸಿಗೆ ಆಸ್ಪತ್ರೆಯ ಸರದಿಯಲ್ಲಿ ಕಾಯುವವರು ಬೆಲೆ ತೆರಬೇಕಾದ ಈ ಒಂದು ನಿಯಮವನ್ನಾದರೂ ತಿದ್ದಬೇಕೆಂಬುದು ನನ್ನ ದೃಢ ಅಭಿಪ್ರಾಯ.