ದ್ರೌಪದಿ ಇಲ್ಲದಾಗ ಬಂದ ದನಿ

ಸಿರಸಿ ಕಡೆಯ ನಮ್ಮ ಊರಿನ ನಾಟಕಕ್ಕೆ ಹಿಂದೆಲ್ಲ ರಂಗದ ಮೇಲೆ ಎರಡು ಮೈಕ್ ಇಳಿಬಿಡುತ್ತಿದ್ದೆವು. ಮಾತು ಬಂದವರು ಅದರ ಕೆಳಗೆ ಬಂದು ನಿಲ್ಲಬೇಕು. ಭೀಮ ಗದೆ ಎತ್ತಿದರೆ ಮೈಕಿಗೆ ಏಟು. ಈ ರಗಳೆ ಬೇಡವೆಂದು ಒಂದು ವರ್ಷ ನಾಲ್ಕು ಕಾಲರ್ ಮೈಕ್ ಬಾಡಿಗೆಗೆ ತರಿಸಿದೆವು. ಬ್ಯಾಂಕಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ಎಂಬ ಒಂದೇ ಅರ್ಹತೆಯ ಮೇಲೆ ಅವನ್ನು ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೈಕಿನ ದನಿಯನ್ನು ತಂತಿಯಿಲ್ಲದೆ ಅಲೆಯಾಗಿ ಕಳಿಸುವ, ಸೊಂಟಕ್ಕೆ ಸಿಕ್ಕಿಸುವ ಟ್ರಾನ್ಸ್‌ಮಿಟರ್ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಸೆಲ್ ಹಾಕುವ ಮುಚ್ಚಳ ತೆರೆದರೆ ಒಳಗೆ ಮೂರು ಗುಂಡಿಗಳು. ನಡುವಿನದನ್ನು ಒತ್ತಿ ಹಿಡಿದರೆ ಅಂಕಿಗಳು ಮಿನುಗುತ್ತವೆ. ಆಚೀಚಿನವುಗಳಿಂದ ಏರಿಸಬೇಕು, ಇಳಿಸಬೇಕು. ಆ ಅಂಕಿಯೇ ಅಲೆಯ ಆವರ್ತನ; ಅದನ್ನು ಹಿಡಿದು ಸ್ಪೀಕರಿಗೆ ದಾಟಿಸುವ ರಿಸೀವರಿನಲ್ಲೂ ಅದೇ ಸಂಖ್ಯೆ ಇರಬೇಕು. ನನಗೆ ಲೆಕ್ಕ ಅಚ್ಚುಕಟ್ಟಾಗಿದ್ದರೆ ಸಮಾಧಾನ. ಧರ್ಮರಾಯನಿಗೆ 620 ಮೆಗಾಹರ್ಟ್ಸ್, ಭೀಮನಿಗೆ 621, ಅರ್ಜುನನಿಗೆ 622, ದ್ರೌಪದಿಗೆ 623 ಕೊಟ್ಟೆ. ಒಂದೊಂದನ್ನೇ ಹಚ್ಚಿಕೊಂಡು ಅಂಗಳದ ತುದಿಯವರೆಗೆ ನಡೆದು ನೋಡಿದೆ. ದನಿ ಗಂಟೆ ಹೊಡೆದ ಹಾಗಿತ್ತು.

ಸಂಜೆ ವೇಷ ಕಟ್ಟಿಕೊಂಡು ಕೊನೆಯ ತಾಲೀಮು. ಭೀಮಾರ್ಜುನರು ಮೈಗೆ ಮೈ ತಾಗಿಸಿಕೊಂಡು ನಿಂತು ಮಾತಿಗೆ ತೊಡಗಿದರು. ಸ್ಪೀಕರಿನಿಂದ ಗೊರಗೊರ ಸದ್ದು, ನಡುನಡುವೆ ತುಂಡಾದ ಮಾತು. ನೋಡಿದರೆ ದ್ರೌಪದಿಯ ರಿಸೀವರಿನಲ್ಲಿ ದೀಪ ಉರಿಯುತ್ತಿದೆ, ಸಿಗ್ನಲ್ ಎರಡು ಗೆರೆ ತೋರಿಸುತ್ತಿದೆ. ದ್ರೌಪದಿಯೋ ಚೌಕಿಯಲ್ಲಿ ಕಾಫಿ ಕುಡಿಯುತ್ತಿದ್ದಾಳೆ. ಅವಳ ಟ್ರಾನ್ಸ್‌ಮಿಟರಿನ ಸೆಲ್‌ಗಳು ನನ್ನ ಜೇಬಿನಲ್ಲಿವೆ!

ಮೈಕ್‌ಸೆಟ್ಟಿನ ಹಿರಿಯರು ಕವಳ ಉಗಿದು ಬಂದು ಸಂಖ್ಯೆಗಳ ಮೇಲೆ ಕಣ್ಣಾಡಿಸಿದರು. ‘ತಮಾ, ಮೆಟ್ಟಿಲು ಕಟ್ಟಿದ ಹಾಗೆ ಇಟ್ಟಿದ್ದೀಯಲ್ಲ. ಅರ್ಜುನನದ್ದನ್ನು ಇಮ್ಮಡಿ ಮಾಡು, ಅದರಲ್ಲಿ ಭೀಮನದ್ದನ್ನು ಕಳೆ’ ಎಂದರು. 1244ರಲ್ಲಿ 621 ಕಳೆದೆ. 623 ಉಳಿಯಿತು.

ಎರಡು ಟ್ರಾನ್ಸ್‌ಮಿಟರ್ ತೀರ ಹತ್ತಿರ ಬಂದರೆ ಒಂದರ ಅಲೆ ಇನ್ನೊಂದರ ಒಳಗೇ ಹೊಕ್ಕು, ಎರಡೂ ಬೆರೆತು ಹೊಸ ಆವರ್ತನಗಳು ಹುಟ್ಟುತ್ತವೆ. ಸಮಾನ ಅಂತರದಲ್ಲಿ ಇಟ್ಟಿದ್ದರೆ ಆ ಹುಟ್ಟಿದ್ದು ನೇರವಾಗಿ ಪಕ್ಕದವನ ಮನೆಗೇ ಹೋಗಿ ಕೂರುತ್ತದೆ. ಒಂದೊಂದಾಗಿ ಪರೀಕ್ಷಿಸಿದಾಗ ಬೆರೆಯಲು ಇನ್ನೊಂದು ಇರಲೇ ಇಲ್ಲವಲ್ಲ, ತಪ್ಪು ಕಾಣುವುದಾದರೂ ಹೇಗೆ? ನನ್ನ ಅಚ್ಚುಕಟ್ಟುತನವನ್ನೇ ನಾನು ಶಪಿಸಿಕೊಂಡೆ.

ಹಿರಿಯರು ಎಲ್ಲ ಟ್ರಾನ್ಸ್‌ಮಿಟರ್‌ಗಳನ್ನೂ ಆರಿಸಲು ಹೇಳಿದರು. ರಿಸೀವರ್ ಮಾತ್ರ ಹಚ್ಚಿ, ಖಾಲಿಯಿರುವಾಗ ಯಾವ ಗೆರೆಯೂ ಏಳದ ಜಾಗ ಹುಡುಕಿಸಿದರು. ಗೆರೆ ಎದ್ದರೆ ಅಲ್ಲಿ ಬೇರೆ ಯಾರೋ ಇದ್ದಾರೆ ಎಂದೇ ಅರ್ಥ. 2022ರಲ್ಲಿ 700 ಮೆಗಾಹರ್ಟ್ಸ್ ತರಂಗಪಟ್ಟಿ ಮೊಬೈಲ್ ಸೇವೆಗೆಂದು ಹರಾಜಾದ ಮೇಲೆ ಆ ಪಟ್ಟಿಯ ತಮ್ಮ ಹಳೆಯ ಸೆಟ್ ಒಂದನ್ನು ಅಟ್ಟಕ್ಕೆ ಹಾಕಿದ್ದಾಗಿ ಆಗಲೇ ಹೇಳಿದ್ದು. ಆಮೇಲೆ ಕಿಸೆಯಿಂದ ಮಾಸಿದ ಚೀಟಿ ತೆಗೆದರು: 620.125, 620.725, 622.525, 623.750. ನೋಡಲು ಒಂದಕ್ಕೊಂದು ತಾಳವೇ ಇಲ್ಲ. ಯಾವ ಎರಡರ ಅಂತರವೂ ಬೇರೆ ಎರಡರ ಅಂತರಕ್ಕೆ ಸಮವಲ್ಲ ಎಂಬುದು ಕಳೆದು ನೋಡಿದಾಗಲೇ ತಿಳಿಯಿತು.

ನಾಲ್ಕನ್ನೂ ಒಟ್ಟಿಗೆ ಹಚ್ಚಿ, ಒಂದನ್ನು ಮಾತ್ರ ಆರಿಸಿ, ಅದರ ರಿಸೀವರ್ ಸುಮ್ಮನಿದೆಯೇ ಎಂದು ಸರದಿಯಂತೆ ನೋಡಿದೆವು. ಸುಮ್ಮನಿತ್ತು. ಯಾರದ್ದು ಯಾವುದೆಂದು ಗೊಂದಲವಾಗದಿರಲಿ ಎಂದು ಬಿಳಿ ಪ್ಲಾಸ್ಟರಿನ ತುಂಡಿನ ಮೇಲೆ ಹೆಸರು ಬರೆದು ಅಂಟಿಸಿದೆ.

ರಾತ್ರಿ ಭೀಮನ ದನಿ ಮಾತ್ರ ಎರಡು ಸಲ ಕಡಿಯಿತು. ಗೇಣಿಗೂ ಗಿಡ್ಡ ಇರುವ ಆಂಟೆನಾ ಬಾಲವನ್ನು ಆತ ಸುರುಳಿ ಸುತ್ತಿ ಬೆವರಿದ ಸೊಂಟಪಟ್ಟಿಯೊಳಗೆ ತುರುಕಿಕೊಂಡಿದ್ದ. ಪರದೆ ಬಿದ್ದಾಗ ಓಡಿಹೋಗಿ ಎಳೆದು ನೇರ ಮಾಡಿದೆ.

ಬೇಸಿಗೆಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಪುರೋಹಿತರು ಬಗ್ಗಿ ಹೋಮಕ್ಕೆ ತುಪ್ಪ ಹಾಕುವಾಗ ಅವರ ಸೊಂಟದ ಟ್ರಾನ್ಸ್‌ಮಿಟರ್ ಕಾಣಿಸಿತು. ಅದರ ಮೇಲೆ ನನ್ನದೇ ಕೈಬರಹ: ‘ದ್ರೌಪದಿ’.