ಅವನಿಗೆ ಅವಳ ಮೇಲೆ ಪ್ರೀತಿ ಇತ್ತಾ, ಇರಲಿಲ್ವಾ?

ಈ ಪ್ರಶ್ನೆ ಬರುವುದು ಸಾಮಾನ್ಯವಾಗಿ ರಾತ್ರಿ ಹನ್ನೊಂದರ ಮೇಲೆ, ವಾಟ್ಸಾಪಿನಲ್ಲಿ. "ನೀನು ಹೇಳಿದೆ ಅಂತ ಆ ಫ್ರೆಂಚ್ ಸಿನಿಮಾ ನೋಡಿದೆ ಕಣೇ. ಕೊನೆಗೂ ಅವನಿಗೆ ಅವಳ ಮೇಲೆ ಪ್ರೀತಿ ಇತ್ತಾ, ಇರಲಿಲ್ವಾ? ಅದೊಂದು ಹೇಳಿಬಿಡು, ನಿದ್ದೆ ಬರ್ತಿಲ್ಲ." ಗೆಳತಿಯರು ಕೇಳಿದ್ದಾರೆ, ಅಣ್ಣನ ಮಗ ಕೇಳಿದ್ದಾನೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರೂ ಕೇಳಿದ್ದಾರೆ. ಪ್ರತಿ ಸಲ ಅರ್ಧ ಉತ್ತರ ಕೊಟ್ಟು ತಪ್ಪಿಸಿಕೊಂಡಿದ್ದೇನೆ. ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ಸಿನಿಮಾ ಫ್ರೆಂಚ್ ನಿರ್ದೇಶಕ ಕ್ಲೋದ್ ಸೊತೆಯ 'ಅಂ ಕರ್ ಆನ್ ಇವೆರ್', 1992ರದು. ಹೆಸರಿನ ಅರ್ಥ 'ಚಳಿಗಾಲದಲ್ಲೊಂದು ಹೃದಯ'. ನೋಡದವರಿಗೆ ಕತೆ ಇಷ್ಟು: ಪ್ಯಾರಿಸ್ಸಿನಲ್ಲಿ ಪಿಟೀಲು ಮಾಡುವ, ರಿಪೇರಿ ಮಾಡುವ ಒಂದು ಕಾರ್ಯಾಗಾರ. ಮಾಲೀಕ ಮಕ್ಸೀಮ್ ಮಾತುಗಾರ, ಗಿರಾಕಿಗಳೆಲ್ಲ ಅವನ ಪಾಲು. ಸ್ಟೆಫಾನ್ ಕಸುಬುದಾರ, ಮಾತು ಕಮ್ಮಿ. ಮಕ್ಸೀಮ್ ಹೆಂಡತಿಯನ್ನು ಬಿಟ್ಟು ಕಮೀಲ್ ಎಂಬ ಪಿಟೀಲು ವಾದಕಿಯ ಜೊತೆ ಸಂಸಾರ ಹೂಡಲು ಹೊರಟಿದ್ದಾನೆ. ಅಷ್ಟರಲ್ಲಿ ಕಮೀಲಳ ಪಿಟೀಲು ಸ್ಟೆಫಾನನ ಕೈಗೆ ಬರುತ್ತದೆ. ಅವಳ ತಾಲೀಮು ಕೇಳಲೂ ಹೋಗಿ ಕೂರುತ್ತಾನೆ. ಅವಳ ಮನಸ್ಸು ಇತ್ತ ವಾಲುತ್ತದೆ. ಮಕ್ಸೀಮನಿಗೆ ಅದನ್ನು ಮುಚ್ಚಿಡದೆ ಹೇಳಿ, ಸ್ಟೆಫಾನನ ಹತ್ತಿರ ಬರುತ್ತಾಳೆ. ಅವನು ಹೇಳುವುದು ಒಂದೇ ಮಾತು: ನಾನು ನಿಮ್ಮನ್ನು ಪ್ರೀತಿಸುತ್ತಿಲ್ಲ.

'ನಿಮ್ಮನ್ನು' ಎಂದೇ ಬರೆದೆ, ಗಮನಿಸಿ. ಫ್ರೆಂಚಿನಲ್ಲೂ ನಮ್ಮಂತೆ ನೀನು ಬೇರೆ, ನೀವು ಬೇರೆ. ಇಂಗ್ಲಿಷ್ ಸಬ್‌ಟೈಟಲ್ಲಿನಲ್ಲಿ ಆ ಬಹುವಚನ ಮಾಯವಾಗಿ, ಮಾತಿನ ಅರ್ಧ ಚಳಿಯೂ ಹೋಗಿಬಿಡುತ್ತದೆ.

ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾದ ಉತ್ತರ, "ಇತ್ತು ಪಾಪ, ಹೇಳಿಕೊಳ್ಳೋಕಾಗಲಿಲ್ಲ." ನನ್ನ ಉತ್ತರ: ಇರಲಿಲ್ಲ. ಅವನ ಮಾತನ್ನು ನಾನು ಹಾಗೆಯೇ ನಂಬುತ್ತೇನೆ. ಆದರೆ ಅವಳು ಏನೋ ಕಲ್ಪಿಸಿಕೊಂಡಳು ಅನ್ನುವವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು. ಯಾಕೆ ಅನ್ನುವುದಕ್ಕೆ ನನ್ನದೇ ಒಂದು ಸಂಗತಿ ಹೇಳಬೇಕು.

ಹತ್ತನೇ ವಯಸ್ಸಿಗೆ ಶುರುಮಾಡಿ, ವರ್ಣಗಳ ಹಂತದಲ್ಲಿ ಪಿಟೀಲು ಬಿಟ್ಟವಳು ನಾನು. ಒಂದು ರಜೆಯಲ್ಲಿ ಧೂಳು ಒರೆಸುವ ಉತ್ಸಾಹಕ್ಕೆ ನಾಲ್ಕೂ ತಂತಿಗಳನ್ನು ಒಟ್ಟಿಗೇ ಸಡಿಲಿಸಿಬಿಟ್ಟೆ. ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆ ಪಟ್ಟನೆ ಬಿತ್ತು. ಎತ್ತಿದರೆ ಹೊಟ್ಟೆಯೊಳಗೆ ಏನೋ ಗಡಗಡ ಉರುಳುತ್ತಿದೆ. ಅಳುತ್ತಲೇ ರಿಪೇರಿಯವರ ಹತ್ತಿರ ಹೋದೆ. ಅವರು ಪಿಟೀಲನ್ನು ಅಲ್ಲಾಡಿಸಿ, ಕಿರುಬೆರಳಿನಷ್ಟೂ ದಪ್ಪವಿಲ್ಲದ ಒಂದು ಮರದ ಕಡ್ಡಿಯನ್ನು ಹೊರಗೆ ತೆಗೆದರು. ಮೇಲಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ಊರುಗಂಬದ ಹಾಗೆ ನಿಲ್ಲುವ ಕಡ್ಡಿ ಅದು. ಅಂಟಿಲ್ಲ, ಮೊಳೆಯಿಲ್ಲ, ತಂತಿಗಳ ಒತ್ತಡಕ್ಕೇ ನಿಂತಿರುತ್ತದೆ. ಕೊಕ್ಕೆಯಂತೆ ಬಾಗಿದ ಒಂದು ಕಬ್ಬಿಣದ ಸಲಕರಣೆಗೆ ಅದನ್ನು ಚುಚ್ಚಿ, ಸೀಳಿನೊಳಗಿಂದ ತೂರಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ನಿಲ್ಲಿಸಿದರು. "ನುಡಿಸಮ್ಮ" ಅಂದರು. ಮೋಹನದ ಗೀತೆ ನುಡಿಸಿದೆ. ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರು. "ಇನ್ನೊಂದ್ಸಲ." ಮತ್ತೆ ನುಡಿಸಿದೆ. ಅವರು ಕಣ್ಣು ಮುಚ್ಚಿ, ತಲೆ ವಾರೆ ಮಾಡಿ ಕೇಳಿದ ಹಾಗೆ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಮೇಷ್ಟ್ರು ತಪ್ಪು ಹುಡುಕಲು ಕೇಳುತ್ತಿದ್ದರು, ಅಮ್ಮ ಗಂಟೆ ಎಣಿಸಲು. ಅವತ್ತು ನೆಲ ಮುಟ್ಟದೆ ಮನೆಗೆ ಬಂದೆ.

ಅವರು ಕೇಳುತ್ತಿದ್ದುದು ಮರವನ್ನು, ನನ್ನನ್ನಲ್ಲ ಅನ್ನುವುದು ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಈ ಸಿನಿಮಾ ನೋಡುವಾಗ. ಫ್ರೆಂಚರು ಆ ಕಡ್ಡಿಯನ್ನು 'ಆಮ್' ಎನ್ನುತ್ತಾರೆ. ಆಮ್ ಎಂದರೆ ಆತ್ಮ. ಪರಸ್ತ್ರೀಯ ಪಿಟೀಲಿನ ಆತ್ಮವನ್ನು ಕೂದಲೆಳೆಯಷ್ಟು ಸರಿಸಿ, ಈಗ ಹೇಗಿದೆ ನೋಡಿ ಎಂದು ಕೈಗೆ ಕೊಡುವುದೇ ಸ್ಟೆಫಾನನ ದಿನನಿತ್ಯದ ಕಸುಬು. ಅವನಿಗದು ಕೆಲಸ. ಅವಳಿಗೆ, ತನ್ನ ನಾದದಲ್ಲಿ ಏನು ಕಮ್ಮಿಯಿತ್ತೆಂದು ಕಂಡುಹಿಡಿದ ಮೊದಲ ಮನುಷ್ಯ. ಹಾಗೆ ಕೇಳಿಸಿಕೊಂಡವಳು ಅದಕ್ಕೆ ಬೇರೆ ಯಾವ ಹೆಸರು ಇಡಬೇಕಿತ್ತು?

ಸೊತೆ ಆರಿಸಿಕೊಂಡ ಸಂಗೀತವೂ ಇದೇ ಮಾತನ್ನು ಹೇಳುತ್ತದೆ. ಕೈಗೂಡದ ಪ್ರೀತಿಯ ಕತೆಗೆ ಬೇರೆ ಯಾರಾದರೂ ಆಗಿದ್ದರೆ ಕಣ್ಣೀರು ಸುರಿಸುವಂಥದ್ದನ್ನು ತರುತ್ತಿದ್ದರು. ಈತ ತಂದದ್ದು ಫ್ರೆಂಚ್ ಸಂಗೀತ ರಚನಕಾರ ಮೊರೀಸ್ ರವೆಲ್‌ನನ್ನು. ರಷ್ಯದ ಸಂಗೀತ ರಚನಕಾರ ಸ್ಟ್ರಾವಿನ್ಸ್ಕಿ ಸ್ವಿಸ್ ಗಡಿಯಾರ ಮಾಡುವವನಿಗೆ ಹೋಲಿಸಿದ್ದು ಇವನನ್ನೇ. ಮದುವೆಯಾಗದೆ, ಕೀಲಿ ಕೊಡುವ ಗೊಂಬೆಗಳನ್ನು ಕೂಡಿಟ್ಟುಕೊಂಡು ಬಾಳಿದವನು. ಕಮೀಲ್ ಇಬ್ಬರು ಜೊತೆಗಾರರೊಡನೆ ತಾಲೀಮು ಮಾಡುವುದು ಅವನ ಟ್ರಯೋವನ್ನು, ಅಂದರೆ ಪಿಯಾನೊ, ಪಿಟೀಲು, ಚೆಲೊ ಮೂರು ವಾದ್ಯಗಳ ರಚನೆಯನ್ನು. 1914ರ ಬೇಸಿಗೆಯಲ್ಲಿ ಯುದ್ಧ ಶುರುವಾದಾಗ, ಸೈನ್ಯಕ್ಕೆ ಸೇರುವ ಆತುರದಲ್ಲಿ ಸ್ಯಾಂ-ಝಾನ್-ದ-ಲ್ಯೂಜ್ ಎಂಬ ಕಡಲೂರಿನಲ್ಲಿ ರವೆಲ್ ಅದನ್ನು ಬರೆದು ಮುಗಿಸಿದ. ಆ ಆತುರ ಸಂಗೀತದಲ್ಲಿ ಎಲ್ಲೂ ಕಾಣದು. ಎಲ್ಲವೂ ಅಳತೆ, ಎಲ್ಲವೂ ಲೆಕ್ಕ. ಮೂರನೆಯ ಭಾಗವನ್ನೊಮ್ಮೆ ಕೇಳಿ ನೋಡಿ. ಪಿಯಾನೊದ ತೀರಾ ಮಂದ್ರದಲ್ಲಿ ಒಂದು ನಿಧಾನದ ಸಾಲು ಹುಟ್ಟುತ್ತದೆ. ಚೆಲೊ ಅದನ್ನು ಎತ್ತಿಕೊಳ್ಳುತ್ತದೆ, ಆಮೇಲೆ ಪಿಟೀಲು. ಏರುತ್ತಾ ಏರುತ್ತಾ ಎದೆ ಬಿರಿಯುವಷ್ಟಾಗಿ, ಮತ್ತೆ ಒಂದೊಂದೇ ವಾದ್ಯ ಕಳಚಿಕೊಂಡು ಅದೇ ಮಂದ್ರಕ್ಕೆ ಇಳಿದು, ಪಿಯಾನೊ ಒಂದೇ ಉಳಿಯುತ್ತದೆ.

ಅಂದ ಹಾಗೆ, ಕಮೀಲಳ ಪಾತ್ರದ ಎಮಾನುಯೆಲ್ ಬೆಯಾರ್ ಕಮಾನು ಹಿಡಿಯುವುದನ್ನು ಶ್ರದ್ಧೆಯಿಂದ ಕಲಿತಿದ್ದರೂ, ನಾವು ಕೇಳುವ ಪಿಟೀಲು ಝಾನ್-ಝಾಕ್ ಕಾಂಟೊರೊವ್ ಅವರದು. ಇನ್ನೊಂದು ತಮಾಷೆ. ಸ್ಟೆಫಾನ್ ಆಗಿರುವ ಡೇನಿಯಲ್ ಒತಾಯ್ 1986ರ 'ಮನೋ ದೆ ಸೂರ್ಸ್' ಚಿತ್ರದಲ್ಲಿ ಇದೇ ಬೆಯಾರ್ ಹಿಂದೆ ಬಿದ್ದು, ಅವಳ ರಿಬ್ಬನ್ನನ್ನು ತನ್ನ ಎದೆಯ ಚರ್ಮಕ್ಕೇ ಹೊಲಿದುಕೊಂಡು, ಕೊನೆಗೆ ನೇಣು ಹಾಕಿಕೊಂಡಿದ್ದ. ಆರು ವರ್ಷಕ್ಕೆ ಲೆಕ್ಕ ತಿರುಗಿತು. ಪರದೆಯ ಹೊರಗೆ ಇಬ್ಬರೂ ಆಗ ಜೋಡಿ.

ಹಾಗಾದರೆ ಸ್ಟೆಫಾನನದು ತಪ್ಪಿಲ್ಲವೇ? ಇದೆ, ಆದರೆ ಅದು 'ಇಲ್ಲ' ಅಂದದ್ದರಲ್ಲಿ ಅಲ್ಲ. ತಾಲೀಮಿಗೆ ಮತ್ತೆ ಮತ್ತೆ ಹೋದದ್ದರಲ್ಲಿ. ಒಲಿಸಿಕೊಳ್ಳುವುದನ್ನು ಆಟ ಮಾಡಿಕೊಂಡೆ, ಅದೂ ಬಹುಶಃ ಮಕ್ಸೀಮನ ವಿರುದ್ಧ, ಎಂಬರ್ಥದ ಮಾತನ್ನು ಅವನೇ ಆಡುತ್ತಾನೆ. ಚಿತ್ರಕ್ಕೆ ಪ್ರೇರಣೆ ರಷ್ಯನ್ ಲೇಖಕ ಲೆರ್ಮಂತೋವ್‌ನ 1840ರ ಕಾದಂಬರಿ. ಅದರ ನಾಯಕ ಪೆಚೋರಿನ್ ಕೂಡ ಪ್ರೀತಿಯಿಲ್ಲದೆ ಒಬ್ಬಳನ್ನು ಒಲಿಸಿಕೊಂಡು, ಆಮೇಲೆ ಹಾಗೆಂದು ಮುಖದ ಮೇಲೇ ಹೇಳುತ್ತಾನೆ. ಆದರೆ ಪೆಚೋರಿನ್ ದಿನಚರಿ ಬರೆಯುತ್ತಾನೆ, ತನ್ನ ಕೆಡುಕನ್ನು ರುಚಿ ನೋಡಿ ಚಪ್ಪರಿಸುತ್ತಾನೆ. ಸ್ಟೆಫಾನನಿಗೆ ಆ ಚಪಲವಿಲ್ಲ. ರೆಸ್ಟೋರೆಂಟಿನಲ್ಲಿ ಕಮೀಲ್ ನಾಲ್ಕು ಜನರೆದುರು ಅವನನ್ನು ಹೀಯಾಳಿಸಿ, ತನ್ನ ಮಾನವನ್ನೇ ಹೆಚ್ಚು ಕಳೆದುಕೊಳ್ಳುವಾಗಲೂ ಅವನು ಕೇಳುತ್ತಾ ಕೂರುತ್ತಾನೆ. ಅದೇ ಕಿವಿ, ಅದೇ ಏಕಾಗ್ರತೆ. ನಾನು ಕಣ್ಣು ತಿರುಗಿಸಿಕೊಳ್ಳುವ ಜಾಗ ಅದು.

"ಹಾಗಾದ್ರೆ ಕೊನೇ ದೃಶ್ಯ?" ಎಂದು ಅಣ್ಣನ ಮಗ ಪಟ್ಟು ಹಿಡಿಯುತ್ತಾನೆ. ಸ್ಟೆಫಾನನ ವಯಸ್ಸಾದ ಗುರು ಲಶೋಮ್ ವಾಸಿಯಾಗದ ಕಾಯಿಲೆಯಿಂದ ನರಳುತ್ತಿದ್ದಾಗ, ಬೇರೆ ಯಾರ ಕೈಲೂ ಆಗದ ಕೊನೆಯ ಚುಚ್ಚುಮದ್ದನ್ನು ಕೊಟ್ಟವನು ಇವನೇ. ಆಮೇಲೊಂದು ದಿನ ಕಾಫಿ ಅಂಗಡಿಯಲ್ಲಿ ಕಮೀಲಳ ಎದುರು ಕೂತು, ನಾನು ಪ್ರೀತಿಸುವುದು ಅವರೊಬ್ಬರನ್ನೇ ಎಂದು ಬಹಳ ಕಾಲ ಅಂದುಕೊಂಡಿದ್ದೆ, ಅನ್ನುತ್ತಾನೆ. "ಅಂದುಕೊಂಡಿದ್ದೆ ಅಂದ್ರೆ? ಈಗ ಹಾಗಲ್ಲ ಅಂತ ತಾನೇ ಅತ್ತೇ?" ಎಂದು ಹುಡುಗ ಆ ಒಂದು ಕ್ರಿಯಾಪದಕ್ಕೆ ನೇತುಬೀಳುತ್ತಾನೆ.

ಇರಬಹುದು ಮಾರಾಯ. ಅವಳು ಕಾರು ಹತ್ತಿ, ಗಾಜಿನಾಚೆಯಿಂದ ಒಂದು ಸಲ ಅವನನ್ನು ನೋಡಿ ಹೋದಳಲ್ಲ. ಅವನು ಎದ್ದು ಓಡಲಿಲ್ಲ. ಅಲ್ಲೇ ಕೂತ.