ಎರಡನೆಯ ಬದಿಯ ಮೊದಲ ಸ್ವರ

1986ರಲ್ಲಿ ನಮ್ಮ ಕಾಲೇಜಿನ ಹಾಸ್ಟೆಲಿಗೆ ಬಂದಾಗ ನನ್ನ ಕೈಯಲ್ಲಿ ಒಂದು ಟ್ರಂಕು, ಒಂದು ಪಿಟೀಲು ಇದ್ದವು. ಕೆಜಿಎಫ್‌ನಿಂದ ಬಂದಿದ್ದ ಕೋಣೆಯ ಗೆಳೆಯನ ಬಳಿ ಹಳೆಯ ಎಲೆಕ್ಟ್ರಿಕ್ ಗಿಟಾರು, ಟೇಪ್ ರೆಕಾರ್ಡರು ಇದ್ದವು.

ಒಂದು ರಾತ್ರಿ ಊಟ ಮುಗಿಸಿ ಬಂದು ಅವನು ಕ್ಯಾಸೆಟ್ಟಿನ ಎರಡನೆಯ ಬದಿ ಹಾಕಿದ. ಇಂಗ್ಲೆಂಡಿನ ಗಿಟಾರ್ ವಾದಕ ಜೆಫ್ ಬೆಕ್ ಅವರ ಆಲ್ಬಮ್ ‘ಬ್ಲೋ ಬೈ ಬ್ಲೋ’. ಮೊದಲ ಸ್ವರಕ್ಕೇ ನಾನು ಎದ್ದು ಕುಳಿತೆ. ತಂತಿ ಮೀಟಿದ ಪೆಟ್ಟು ಕೇಳಿಸಲಿಲ್ಲ. ಕಮಾನು ಎಳೆದಂತೆ ನಾದ ಮೆಲ್ಲಗೆ ಮೇಲೆದ್ದಿತು. “ಇದು ಪಿಟೀಲು” ಎಂದೆ. ಅವನು ತನ್ನ ಗಿಟಾರು ತೆಗೆದು ತೋರಿಸಿದ: ವಾಲ್ಯೂಮ್ ಗುಂಡಿಯನ್ನು ಪೂರ್ತಿ ಇಳಿಸಿ ತಂತಿ ಮೀಟಬೇಕು, ಮರುಕ್ಷಣವೇ ಕಿರುಬೆರಳಿನಿಂದ ಗುಂಡಿ ಏರಿಸಬೇಕು. ಹಾಡುವವರು ಯಾವಾಗ ಬರುತ್ತಾರೆ ಎಂದು ಕಾದೆ. “ಗಿಟಾರೇ ಹಾಡುತ್ತಿದೆಯಲ್ಲ” ಎಂದ.

ಬೆಕ್ ಅವರ ಕಥೆಯನ್ನು ಅವನು ಕಂತುಕಂತಾಗಿ ಹೇಳಿದ. 1965ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಬಿಟ್ಟ ಜಾಗಕ್ಕೆ ಇಂಗ್ಲೆಂಡಿನ ರಾಕ್ ತಂಡ ಯಾರ್ಡ್‌ಬರ್ಡ್ಸ್ ಸೇರಿದ್ದು. ಅದೇ ವರ್ಷ ಒಂದು ಹಾಡಿಗಾಗಿ ಸ್ಟುಡಿಯೋಕ್ಕೆ ಸಿತಾರ್ ವಾದಕರನ್ನು ಕರೆಸಿದ್ದರೂ ಕೊನೆಗೆ ಆ ಎಳೆಯನ್ನು ಬೆಕ್ ಗಿಟಾರಿನಲ್ಲೇ ನುಡಿಸಿದ್ದು. ಆಮೇಲೆ ರಾಡ್ ಸ್ಟೀವರ್ಟ್ ಅವರಂಥ ಗಾಯಕರೊಡನೆ ಸ್ವಂತ ತಂಡ ಕಟ್ಟಿದ್ದು. ನನಗೆ ಈಗಲೂ ದೊಡ್ಡದಾಗಿ ಕಾಣುವುದು ಅದರ ಮುಂದಿನ ಹೆಜ್ಜೆ. ಅಂಥ ಕಂಠಗಳ ಜೊತೆ ನುಡಿಸಿದವರು 1975ರಲ್ಲಿ ಗಾಯಕನೇ ಇಲ್ಲದ ಆಲ್ಬಮ್ ತಂದರು, ಅದೇ ‘ಬ್ಲೋ ಬೈ ಬ್ಲೋ’. ಬೀಟಲ್ಸ್ ತಂಡದ ಹಾಡುಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅದನ್ನು ರೂಪಿಸಿದರು. ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಅದು 4ನೆಯ ಸ್ಥಾನಕ್ಕೇರಿತು.

ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನಲ್ಲಿ ಗಿಟಾರಿನ ತಂತಿಯನ್ನು ಪಕ್ಕಕ್ಕೆ ಎಳೆದು ಎರಡು ಸ್ವರಗಳ ನಡುವಿನ ನಾದ ತೆಗೆಯುತ್ತಾರೆ. ವೀಣೆಯವರು ಗಮಕಕ್ಕೆ ಮಾಡುವುದೂ ಅದನ್ನೇ. ಬೆಕ್ ಅಷ್ಟಕ್ಕೆ ನಿಲ್ಲಲಿಲ್ಲ. 1980ರ ದಶಕದಲ್ಲಿ ತಂತಿ ಮೀಟುವ ಪುಟ್ಟ ಬಿಲ್ಲೆಯಾದ ಪಿಕ್ ಬದಿಗಿಟ್ಟು ಹೆಬ್ಬೆರಳಿನಿಂದಲೇ ಮೀಟತೊಡಗಿದರು. ಗಿಟಾರಿನ ಕುದುರೆಗೆ ಜೋಡಿಸಿದ ಲೋಹದ ಕೋಲನ್ನು ಅಂಗೈಯಲ್ಲಿ ಅದುಮಿ, ಸಡಿಲಿಸಿ, ಒಂದೇ ಮೀಟಿನಿಂದ ಇಡೀ ಸಂಚಾರ ಹೊರಡಿಸುತ್ತಿದ್ದರು. 2001ರ ಆಲ್ಬಮ್‌ನಲ್ಲಿ, ಭಾರತೀಯ ಮೂಲದ ಬ್ರಿಟಿಷ್ ಸಂಗೀತಗಾರ ನಿತಿನ್ ಸಾಹ್ನಿ ಅವರ ‘ನಾದಿಯಾ’ ಹಾಡನ್ನು ನುಡಿಸಿದರು. ಮೂಲದಲ್ಲಿ ಒಬ್ಬ ಹೆಣ್ಣುಮಗಳು ಹಿಂದುಸ್ತಾನಿ ಶೈಲಿಯಲ್ಲಿ ಹಾಡಿದ್ದಾರೆ. ಅವರ ಉಸಿರು, ಜಾರು, ನಡುಕ ಯಾವುದನ್ನೂ ಬೆಕ್ ಬಿಟ್ಟಿಲ್ಲ. ನನ್ನ ಪಿಟೀಲಿನಲ್ಲಿ ಅದನ್ನು ಹಿಡಿಯಲು ನನಗೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು.

2023ರ ಜನವರಿ 10ರಂದು, 78ನೆಯ ವಯಸ್ಸಿನಲ್ಲಿ, ಬೆಕ್ ತೀರಿಕೊಂಡರು. ಗೆಳೆಯ ಫೋನ್ ಮಾಡಿ ಮೊದಲು ಕೇಳಿದ್ದು ಕ್ಯಾಸೆಟ್ಟಿನ ಬಗ್ಗೆ. ಅದು ನನ್ನ ಬಳಿಯೇ ಇದೆ. ಅಂದು ಎರಡನೆಯ ಬದಿ ಹಾಕಿದೆ. ಹಾಸ್ಟೆಲಿನಲ್ಲಿ ಮತ್ತೆ ಮತ್ತೆ ಹಿಂದಕ್ಕೆ ಸುತ್ತಿ ಕೇಳಿದ್ದರಿಂದ ಆ ಮೊದಲ ಸ್ವರದ ಜಾಗದಲ್ಲಿ ಟೇಪು ಸವೆದುಹೋಗಿದೆ.